ರೆಡಿಂಗ್ ವಿಳಾಸ, ವೋಕಿಂಗ್‌ಹ್ಯಾಮ್ ವೋಟು: ವೀಸಾ ಮೇಲೆ ಇರುವವರೂ ಮತ ಹಾಕಬಹುದಾ?

ಹಾಸನದ_ಹುಡುಗ
6 ಏಪ್ರಿಲ್ 2024, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಪೆದ್ದುಪೆದ್ದಾಗಿದ್ದರೆ ಕ್ಷಮಿಸಿ. ಆಫೀಸಿನಲ್ಲಿ ಕೇಳೋಕೆ ನಾಚಿಕೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾವು ಇಂಗ್ಲೆಂಡಿನ ರೆಡಿಂಗ್ ಪಕ್ಕದ ಲೋವರ್ ಅರ್ಲಿಗೆ ಬಂದು ಒಂದೂವರೆ ವರ್ಷ ಆಯಿತು. ನನ್ನದು ಸ್ಕಿಲ್ಡ್ ವರ್ಕರ್ ವೀಸಾ, ಹೆಂಡತಿಯದು ಡಿಪೆಂಡೆಂಟ್. ಇಬ್ಬರದ್ದೂ ಭಾರತದ ಪಾಸ್‌ಪೋರ್ಟೇ. ಹೋದ ವರ್ಷ ಗೆಳೆಯನೊಬ್ಬ "ವೋಟರ್ ಲಿಸ್ಟಿಗೆ ಹೆಸರು ಸೇರಿಸು, ಕ್ರೆಡಿಟ್ ಸ್ಕೋರ್ ಏರುತ್ತೆ" ಅಂದ. ಆನ್‌ಲೈನ್‌ನಲ್ಲಿ ಐದು ನಿಮಿಷದಲ್ಲಿ ತುಂಬಿ ಮರೆತೇಬಿಟ್ಟೆ. ಈಗ ನೋಡಿದರೆ ನನ್ನ ಹೆಸರಿಗೆ ಪೋಲ್ ಕಾರ್ಡ್ ಬಂದಿದೆ! ಕೌನ್ಸಿಲ್ (ನಮ್ಮ ನಗರಸಭೆ ತರದ್ದು) ಚುನಾವಣೆ, ಮೇ 2, ಗುರುವಾರ, ಬೆಳಿಗ್ಗೆ 7ರಿಂದ ರಾತ್ರಿ 10.

ನಾನು ಪ್ರಜೆಯೇ ಅಲ್ಲವಲ್ಲ, ಇದು ಅವರ ತಪ್ಪಾ, ನನ್ನ ತಪ್ಪಾ? ಹೋಗಿ ಮತ ಹಾಕಿದರೆ ನಾಳೆ ಪಿಆರ್‌ಗೆ ಅರ್ಜಿ ಹಾಕುವಾಗ ಏನಾದರೂ ತೊಂದರೆ ಆಗುತ್ತಾ? ಇನ್ನೊಂದು, ನಮ್ಮ ವಿಳಾಸದಲ್ಲಿ ರೆಡಿಂಗ್ ಅಂತಲೇ ಇದೆ. ಕಾರ್ಡಿನಲ್ಲಿ ವೋಕಿಂಗ್‌ಹ್ಯಾಮ್ ಅಂತ ಇದೆ. ನಾನು ಯಾವ ಊರಿನವನು ಮಾರಾಯ್ರೆ?

ಹಾಸನದಲ್ಲಿ 26ಕ್ಕೆ ಲೋಕಸಭೆ ಮತದಾನ. ಅಲ್ಲಿ ಹಾಕೋಕೆ ಆಗಲ್ಲ ಅಂತ ಅಪ್ಪ ದಿನಾ ಬೈಯುತ್ತಿದ್ದಾರೆ. ಇಲ್ಲಿ ನೋಡಿದರೆ ಕರೆದು ಕೊಡುತ್ತಿದ್ದಾರೆ.

ಕೆನೆಟ್_ದಂಡೆ
6 ಏಪ್ರಿಲ್, 10:31

ತಪ್ಪಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ಕಾನೂನುಬದ್ಧವಾಗಿ ಇರುವ ಕಾಮನ್‌ವೆಲ್ತ್ ಪ್ರಜೆಗಳಿಗೆ ಎಲ್ಲ ಚುನಾವಣೆಯಲ್ಲೂ ಮತ ಇದೆ. ಕೌನ್ಸಿಲ್ ಅಷ್ಟೇ ಅಲ್ಲ, ಪಾರ್ಲಿಮೆಂಟಿಗೂ ಹಾಕಬಹುದು. ವೀಸಾಗೆ ಏನೂ ಆಗಲ್ಲ. ಧೈರ್ಯವಾಗಿ ಹೋಗಿ.

ಬೆಣ್ಣೆದೋಸೆ_ದಾವಣಗೆರೆ
6 ಏಪ್ರಿಲ್, 10:40

ನಾನು ಏಳು ವರ್ಷ ಇದ್ದೇನೆ, ಇದು ಗೊತ್ತೇ ಇರಲಿಲ್ಲ 😳 ಏಳು ವರ್ಷದ ವೋಟು ಹೋಯಿತು.

ಕ್ಯಾವರ್‌ಶಮ್_ಅಕ್ಕ
6 ಏಪ್ರಿಲ್, 11:05

ಹಾಸನದ ತಮ್ಮಾ, ಮೊದಲು ಹೆಂಡತಿ ಹೆಸರು ಸೇರಿಸು. ಡಿಪೆಂಡೆಂಟ್ ಆದರೂ ಹಕ್ಕು ಇದೆ. ಕೊನೇ ದಿನ ಏಪ್ರಿಲ್ 16, ಮಧ್ಯರಾತ್ರಿವರೆಗೆ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೇಳುತ್ತದೆ. ಅದು ಇಲ್ಲದಿದ್ದರೆ ಕಾರಣ ಬರೆಯಬಹುದು, ಬೇರೆ ದಾಖಲೆ ಕೇಳುತ್ತಾರೆ. ಪೋಸ್ಟಲ್ ವೋಟು ಬೇಕಿದ್ದರೆ 17ರ ಸಂಜೆ 5ರೊಳಗೆ ಅರ್ಜಿ.

ಇನ್ನು ನಿನ್ನ ಊರು ಯಾವುದು ಅನ್ನುವ ವಿಷಯ. ಇದು ರೆಡಿಂಗ್‌ನ ಹಳೇ ರೋಗ. ಊರು ಬೆಳೆದು ಆಚೆ ಹರಡಿತು, ಕೌನ್ಸಿಲ್ ಗಡಿ ಮಾತ್ರ ಇದ್ದಲ್ಲೇ ಇದೆ. ಅರ್ಲಿ, ವುಡ್ಲಿ ಎಲ್ಲ ನೋಡೋಕೆ ರೆಡಿಂಗ್ ತರಾನೇ ಇವೆ. ಅಂಚೆಯವರೂ ರೆಡಿಂಗ್ ಅಂತಲೇ ಬರೆಯುತ್ತಾರೆ. ಆದರೆ ಆಡಳಿತ ವೋಕಿಂಗ್‌ಹ್ಯಾಮ್ ಕೌನ್ಸಿಲಿನದು. ಪಶ್ಚಿಮಕ್ಕೆ ಕ್ಯಾಲ್ಕಟ್ ಕಡೆ ಹೋದರೆ ವೆಸ್ಟ್ ಬರ್ಕ್‌ಷೈರ್. 1998ರಲ್ಲಿ ಬರ್ಕ್‌ಷೈರ್ ಕೌಂಟಿ ಕೌನ್ಸಿಲನ್ನೇ ತೆಗೆದುಹಾಕಿ ಆರು ಯೂನಿಟರಿ ಕೌನ್ಸಿಲ್ (ಸ್ಥಳೀಯ ಕೆಲಸ ಎಲ್ಲ ಒಂದೇ ಕೌನ್ಸಿಲ್ ನೋಡೋದು) ಮಾಡಿದರು: ರೆಡಿಂಗ್, ವೋಕಿಂಗ್‌ಹ್ಯಾಮ್, ವೆಸ್ಟ್ ಬರ್ಕ್‌ಷೈರ್, ಬ್ರ್ಯಾಕ್ನೆಲ್ ಫಾರೆಸ್ಟ್, ಸ್ಲೌ, ವಿಂಡ್ಸರ್ ಮತ್ತು ಮೇಡನ್‌ಹೆಡ್. ಕೌಂಟಿ ಹೆಸರಿಗೆ ಇದೆ, ಅದಕ್ಕೆ ಕೌನ್ಸಿಲ್ ಇಲ್ಲ.

ಒಟ್ಟಿನಲ್ಲಿ ಸಂಸಾರ ರೆಡಿಂಗ್‌ನಲ್ಲಿ, ಕಸ ವೋಕಿಂಗ್‌ಹ್ಯಾಮ್‌ನಲ್ಲಿ ಅಂದುಕೋ.

ತೇಮ್ಸ್_ತಿಮ್ಮ
6 ಏಪ್ರಿಲ್, 11:20

"ಸಂಸಾರ ರೆಡಿಂಗ್, ಕಸ ವೋಕಿಂಗ್‌ಹ್ಯಾಮ್" 😂 ಅಕ್ಕಾ, ಟೀ ಶರ್ಟ್ ಮೇಲೆ ಅಚ್ಚು ಹಾಕಿಸೋಣ.

ಹೊಸಬರಿಗೆ ಒಂದು ಮಾತು. ಉಚ್ಚಾರ ರೆಡಿಂಗ್. ರೀಡಿಂಗ್ ಅಲ್ಲ. ನನ್ನ ಮಾವ ಈಗಲೂ "ಓದೋ ಊರಲ್ಲಿ ಇದ್ದಾನೆ ಅಳಿಯ" ಅಂತ ಹೇಳಿಕೊಂಡು ತಿರುಗುತ್ತಾರೆ.

ನಿಜ_ಹೇಳ್ತೀನಿ
6 ಏಪ್ರಿಲ್, 12:48

ಒಪ್ಪದ ಮಾತು ಹೇಳುತ್ತೇನೆ, ಬೈಯಬೇಡಿ. ಹಕ್ಕು ಇದೆ ಅಂದ ಮಾತ್ರಕ್ಕೆ ಹಾಕಬೇಕಾ? ನಾಲ್ಕು ವರ್ಷ ಇದ್ದು ಹೋಗುವವರು ಈ ಊರಿನ ಶಾಲೆ, ರಸ್ತೆ, ವೃದ್ಧರ ಆರೈಕೆ ಬಗ್ಗೆ ತೀರ್ಮಾನ ಮಾಡೋದು ಸರಿ ಅನಿಸಲ್ಲ. ಬೆಂಗಳೂರಿಗೆ ಬಂದು ಎರಡು ವರ್ಷ ಆದ ಹೊರದೇಶದವರು ಕಾರ್ಪೊರೇಟರ್ ಆರಿಸಿದರೆ ನಾವು ಸುಮ್ನೆ ಇರುತ್ತಿದ್ದೆವಾ?

ಹುಬ್ಬಳ್ಳಿ_ಮಂದಿ
6 ಏಪ್ರಿಲ್, 13:02

ಬೆಂಗಳೂರಾಗ ಕಾರ್ಪೊರೇಟರ್ ಎಲ್ಲಿ ಅದಾರ್ರೀ? ಬಿಬಿಎಂಪಿಗೆ ಕೊನೇ ಚುನಾವಣೆ ಆಗಿದ್ದು 2015ರಲ್ಲಿ. ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. 198 ವಾರ್ಡಿಗೂ ಒಬ್ಬ ಸದಸ್ಯ ಇಲ್ಲ ಈಗ. ಹೊರದೇಶದವರು ಬ್ಯಾಡ, ಒಳದೇಶದವರಿಗೇ ಚೀಟಿ ಇಲ್ಲ!

ಬೆಣ್ಣೆದೋಸೆ_ದಾವಣಗೆರೆ
6 ಏಪ್ರಿಲ್, 13:06

🔥🔥

ಕೆನೆಟ್_ದಂಡೆ
6 ಏಪ್ರಿಲ್, 13:30

@ನಿಜ_ಹೇಳ್ತೀನಿ, ಕೌನ್ಸಿಲ್ ಟ್ಯಾಕ್ಸ್ (ಇಲ್ಲಿನ ಮನೆ ಕಂದಾಯ) ಕಟ್ಟುತ್ತೀರಿ ತಾನೆ? ನಾಲ್ಕು ವರ್ಷ ಇರಲಿ, ನಾಲ್ಕು ತಿಂಗಳು ಇರಲಿ, ಅದರಲ್ಲಿ ರಿಯಾಯಿತಿ ಕೊಡುತ್ತಾರಾ? ಈ ಸಲವೂ ಹೆಚ್ಚಿನ ಕೌನ್ಸಿಲ್‌ಗಳು ಏರಿಸಿದ್ದು 4.99%. ಯಾಕೆ ಸರಿಯಾಗಿ 5 ಅಲ್ಲ ಗೊತ್ತಾ? 5% ಮುಟ್ಟಿದರೆ ಜನಮತ ಕೇಳಬೇಕು. ಬಾಟಾ ಚಪ್ಪಲಿ ಬೆಲೆ ಹಾಗೆ, ಒಂದು ಪೈಸೆ ಕಡಿಮೆ.

ಮಂಗಳೂರು_ಮೀನು
6 ಏಪ್ರಿಲ್, 13:44

ಅಣ್ಣ, ವಾದ ಚೆನ್ನಾಗಿದೆ, ಆದರೆ ತಪ್ಪು. ಟ್ಯಾಕ್ಸಿಗೂ ವೋಟಿಗೂ ಸಂಬಂಧ ಇಲ್ಲ. ನಾನು ಇಲ್ಲಿ ಯೂನಿವರ್ಸಿಟಿಯಲ್ಲಿ ಓದುತ್ತಿದ್ದೇನೆ. ಫುಲ್ ಟೈಮ್ ವಿದ್ಯಾರ್ಥಿಗಳಿಗೆ ಕೌನ್ಸಿಲ್ ಟ್ಯಾಕ್ಸ್ ಇಲ್ಲ, ಆದರೂ ವೋಟು ಇದೆ. ನನ್ನ ಇಂಗ್ಲಿಷ್ ಗೆಳೆಯರಿಗೆ ಇನ್ನೂ ಮಜಾ. ಮನೆಯ ವಿಳಾಸದಲ್ಲಿ ಒಂದು, ಓದುವ ಊರಲ್ಲಿ ಒಂದು, ಎರಡೂ ಕಡೆ ಹೆಸರು ಇಡಬಹುದು. ಎರಡು ಬೇರೆ ಬೇರೆ ಕೌನ್ಸಿಲ್ ಆದರೆ ಎರಡರ ಚುನಾವಣೆಯಲ್ಲೂ ಮತ ಹಾಕಬಹುದು. ಪಾರ್ಲಿಮೆಂಟಿಗೆ ಮಾತ್ರ ಒಂದೇ ಕಡೆ.

ನಿಜ_ಹೇಳ್ತೀನಿ
6 ಏಪ್ರಿಲ್, 14:10

ನೋಡಿ, ಇದೇ ನಾನು ಹೇಳಿದ್ದು. ತೆರಿಗೆಯೂ ಕಟ್ಟಲ್ಲ, ಊರಲ್ಲೂ ನಿಲ್ಲಲ್ಲ, ಎರಡು ವೋಟು ಬೇರೆ!

ಕ್ಯಾವರ್‌ಶಮ್_ಅಕ್ಕ
6 ಏಪ್ರಿಲ್, 14:25

ತೆರಿಗೆಗೂ ವೋಟಿಗೂ ಗಂಟು ಹಾಕಿದರೆ ಏನಾಗುತ್ತೆ ಅಂತ ಈ ದೇಶ ಒಂದು ಸಲ ನೋಡಿದೆ. 1990ರಲ್ಲಿ ತಲೆಗೆ ಇಷ್ಟು ಅಂತ ಪೋಲ್ ಟ್ಯಾಕ್ಸ್ ಬಂತು. ಕಟ್ಟೋದು ತಪ್ಪಿಸಿಕೊಳ್ಳೋಕೆ ಎಷ್ಟೋ ಜನ ವೋಟರ್ ಲಿಸ್ಟಿಗೇ ಹೆಸರು ಕೊಡಲಿಲ್ಲ. ಬೀದಿ ಗಲಾಟೆ ಆಯಿತು. 1993ರಲ್ಲಿ ಅದನ್ನು ಬಿಟ್ಟು ಈಗಿನ ಕೌನ್ಸಿಲ್ ಟ್ಯಾಕ್ಸ್ ತಂದರು. ಅದೂ ಏನು ನ್ಯಾಯವಾಗಿದೆ? ಇವತ್ತಿಗೂ ಮನೆಗಳ ಬ್ಯಾಂಡ್ (ತೆರಿಗೆ ದರ್ಜೆ) ಲೆಕ್ಕ 1991ರ ಏಪ್ರಿಲ್ 1ರ ಬೆಲೆ ಮೇಲೆ. ನಿಮ್ಮ ಮನೆ ಕಟ್ಟಿದ್ದು ಹೋದ ವರ್ಷ ಆದರೂ, 91ರಲ್ಲಿ ಇದ್ದಿದ್ದರೆ ಎಷ್ಟಾಗುತ್ತಿತ್ತು ಅಂತ ಊಹೆ ಮಾಡುತ್ತಾರೆ.

ತೇಮ್ಸ್_ತಿಮ್ಮ
6 ಏಪ್ರಿಲ್, 14:31

91ರಲ್ಲಿ ನಾನೇ ಇರಲಿಲ್ಲ.

ಹಾಸನದ_ಹುಡುಗ
6 ಏಪ್ರಿಲ್, 19:50

ಅಬ್ಬಾ, ಆಫೀಸಿಂದ ಬಂದು ನೋಡಿದರೆ ಜಾತ್ರೆ ನೆರೆದಿದೆ. ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿ ಹೆಸರು ಈಗಷ್ಟೇ ಸೇರಿಸಿದೆ.

ಎರಡನೇ ಕಂತು. ಯಾರಿಗೆ ಹಾಕೋದು? ಕೇಳುತ್ತಿರೋದು ಪಕ್ಷದ ಹೆಸರಲ್ಲ. ಹೇಗೆ ತೀರ್ಮಾನ ಮಾಡುತ್ತೀರಿ ಅಂತ. ಬಾಗಿಲ ಸಂದಿಯಿಂದ ದಿನಾ ಒಂದು ಕರಪತ್ರ ಬೀಳುತ್ತಿದೆ. ಒಂದರಲ್ಲಿ ಬಾರ್ ಚಾರ್ಟ್ ಇದೆ, ಎರಡು ಉದ್ದ ಕಂಬ, ಒಂದು ಗಿಡ್ಡ ಕಂಬ, "ಇಲ್ಲಿ ಅವರು ಗೆಲ್ಲೋಕೇ ಆಗಲ್ಲ" ಅಂತ ಬರೆದಿದೆ.

ಕೆನೆಟ್_ದಂಡೆ
6 ಏಪ್ರಿಲ್, 20:15

ಬಾರ್ ಚಾರ್ಟ್ ಅಂದರೆ ಲಿಬ್ ಡೆಮ್ (ಲಿಬರಲ್ ಡೆಮೊಕ್ರಾಟ್ ಪಕ್ಷ). ಆ ಕಂಬಗಳನ್ನು ಸ್ಕೇಲ್ ಇಟ್ಟು ಅಳೆಯಬೇಡ, ಮನಸ್ಸು ನೋಯುತ್ತೆ. ಈಗ ಎಲ್ಲ ಪಕ್ಷದವರೂ ಕಲಿತಿದ್ದಾರೆ.

ನಿಮ್ಮ ಕಡೆ ಈ ಸಲ ವಿಶೇಷ. ವಾರ್ಡ್ ಗಡಿ ಬದಲಾಗಿದೆ, ಅದಕ್ಕೆ ವೋಕಿಂಗ್‌ಹ್ಯಾಮ್‌ನ 54 ಸ್ಥಾನಕ್ಕೂ ಒಟ್ಟಿಗೆ ಚುನಾವಣೆ. 18 ವಾರ್ಡ್, ಒಂದೊಂದರಲ್ಲಿ ಮೂವರು. ಅಂದರೆ ನಿನಗೆ ಮೂರು ಮತ! ಮೂವರು ಒಂದೇ ಪಕ್ಷದವರು ಆಗಬೇಕಿಲ್ಲ. ಒಬ್ಬರಿಗೇ ಮೂರೂ ಕೊಡೋಕೆ ಆಗಲ್ಲ. ಒಂದೇ ಗುರುತು ಹಾಕಿ ಬಂದರೂ ಚೀಟಿ ಸಿಂಧು. ನಾಲ್ಕು ಹಾಕಿದರೆ ಅಸಿಂಧು.

ನಾವು ರೆಡಿಂಗ್ ಕೌನ್ಸಿಲಿನವರು. ನಮ್ಮಲ್ಲಿ 16 ವಾರ್ಡ್, 48 ಸದಸ್ಯರು, ವರ್ಷಕ್ಕೆ ಮೂರನೇ ಒಂದು ಭಾಗ. ನಾಲ್ಕು ವರ್ಷದಲ್ಲಿ ಮೂರು ವರ್ಷ ಚುನಾವಣೆ, ಒಂದು ವರ್ಷ ರಜೆ. ಹಬ್ಬದ ಹಾಗೆ ಬರುತ್ತಲೇ ಇರುತ್ತೆ.

ಜೊತೆಗೆ ಇಬ್ಬರಿಗೂ ಇನ್ನೊಂದು ಚೀಟಿ ಇದೆ, ತೇಮ್ಸ್ ವ್ಯಾಲಿ ಪೊಲೀಸ್ ಕಮಿಷನರ್ ಆಯ್ಕೆಗೆ. ಪೊಲೀಸ್ ಅಧಿಕಾರಿ ಅಲ್ಲ, ಪೊಲೀಸರ ಬಜೆಟ್ ನೋಡುವ, ಮುಖ್ಯಸ್ಥರನ್ನು ನೇಮಿಸುವ ರಾಜಕಾರಣಿ. ಬರ್ಕ್‌ಷೈರ್, ಬಕಿಂಗ್‌ಹ್ಯಾಮ್‌ಷೈರ್, ಆಕ್ಸ್‌ಫರ್ಡ್‌ಷೈರ್ ಮೂರಕ್ಕೂ ಒಬ್ಬರೇ. ಹಿಂದೆ ಇದರಲ್ಲಿ ಎರಡನೇ ಆಯ್ಕೆಯನ್ನೂ ಗುರುತು ಮಾಡಬಹುದಿತ್ತು, ಈ ಸಲದಿಂದ ಒಂದೇ.

ಕ್ಯಾವರ್‌ಶಮ್_ಅಕ್ಕ
6 ಏಪ್ರಿಲ್, 20:40

ಹೇಗೆ ತೀರ್ಮಾನ ಮಾಡೋದು ಅಂದರೆ, ಕಸದ ಬುಟ್ಟಿಯಿಂದ ಶುರು ಮಾಡು. ತಮಾಷೆ ಅಲ್ಲ. ನಿಮ್ಮ ಕಡೆ ಈಗ ವಾರಕ್ಕೊಂದು ಸಲ ನೀಲಿ ಚೀಲದಲ್ಲಿ ಕಸ ಇಡುತ್ತೀರಲ್ಲ, ಆಗಸ್ಟ್‌ನಿಂದ ಚಕ್ರದ ಡಬ್ಬ ಬರುತ್ತೆ, ಎರಡು ವಾರಕ್ಕೊಮ್ಮೆ ಒಯ್ಯುತ್ತಾರೆ. ಈ ಚುನಾವಣೆಯಲ್ಲಿ ಅರ್ಧ ಜಗಳ ಅದೇ. ದುಡ್ಡು ಉಳಿಯುತ್ತೆ, ಮರುಬಳಕೆ ಹೆಚ್ಚುತ್ತೆ ಅಂತ ಆಡಳಿತದವರು. ವಾಸನೆ, ಡೈಪರ್, ಜಾಗ ಎಲ್ಲಿ ಅಂತ ವಿರೋಧದವರು. 2022ರವರೆಗೆ ಅಲ್ಲಿ ಕನ್ಸರ್ವೇಟಿವ್ ಆಡಳಿತ, ಆಮೇಲೆ ಲಿಬ್ ಡೆಮ್ ಮುಂದಾಳತ್ವ.

ನಮ್ಮ ರೆಡಿಂಗ್‌ನಲ್ಲಿ ಈ ಜಗಳ 2021ರಲ್ಲೇ ಆಗಿಹೋಯಿತು. ಊಟದ ಕಸಕ್ಕೆ ಬೇರೆ ಪುಟ್ಟ ಡಬ್ಬ ಕೊಟ್ಟರು, ಬೂದು ಬಣ್ಣದ ದೊಡ್ಡ ಡಬ್ಬ ಕಿತ್ತುಕೊಂಡು 140 ಲೀಟರಿನ ಚಿಕ್ಕದು ಕೊಟ್ಟರು. ಕೆಂಪು ಡಬ್ಬ ಮರುಬಳಕೆಗೆ. ಗಾಜಿನ ಬಾಟಲಿ ಮಾತ್ರ ಇವತ್ತಿಗೂ ಮನೆಮುಂದೆ ಒಯ್ಯಲ್ಲ. ನಾವೇ ಬಾಟಲ್ ಬ್ಯಾಂಕಿಗೆ ಹೊತ್ತುಕೊಂಡು ಹೋಗಬೇಕು. ಉಪ್ಪಿನಕಾಯಿ ಬಾಟಲಿ ತೆಗೆದುಕೊಂಡು ಹೋದರೂ ದಾರಿಯಲ್ಲಿ ಸಿಕ್ಕವರು ಬೇರೆ ಬಾಟಲಿ ಅಂದುಕೊಳ್ಳುತ್ತಾರೆ.

ತೇಮ್ಸ್_ತಿಮ್ಮ
6 ಏಪ್ರಿಲ್, 20:44

ಅಕ್ಕಾ, ಉಪ್ಪಿನಕಾಯಿ ಅಂತ ನಾವು ನಂಬಿದ್ದೇವೆ.

ಮಿಲ್ಟನ್_ಮೈಸೂರು
7 ಏಪ್ರಿಲ್, 09:15

ರೆಡಿಂಗ್ ಇನ್ನೂ ಟೌನೇ ಅಲ್ವಾ? ನಮ್ಮ ಮಿಲ್ಟನ್ ಕೀನ್ಸ್ 2022ರಲ್ಲಿ ಸಿಟಿ ಆಯಿತು. ಸುಮ್ನೆ ಹೇಳಿದೆ 😎

ಕೆನೆಟ್_ದಂಡೆ
7 ಏಪ್ರಿಲ್, 09:22

ಉಪ್ಪು ಸವರಬೇಡ ಗುರು. 2000, 2002, 2012, 2022, ನಾಲ್ಕು ಸಲ ಕೇಳಿ ನಾಲ್ಕೂ ಸಲ ಸಿಗಲಿಲ್ಲ. ನಿಮ್ಮದು ವೃತ್ತಗಳ ಊರು, ನಮ್ಮದು ಬಿಸ್ಕತ್ತಿನ ಊರು. ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ತು, ಸಟನ್ಸ್ ಬೀಜ, ಸೈಮಂಡ್ಸ್ ಬಿಯರ್ ಮಾಡಿದ ಊರಿಗೆ ಸಿಟಿ ಪಟ್ಟ ಕೊಡದಿದ್ದರೆ ನಷ್ಟ ಪಟ್ಟಕ್ಕೇ.

ಮಂಗಳೂರು_ಮೀನು
7 ಏಪ್ರಿಲ್, 10:02

ನಮ್ಮ ಬಸ್ ಮರೆತಿರಿ! ರೆಡಿಂಗ್ ಬಸ್ಸಸ್ ಕೌನ್ಸಿಲಿನದೇ ಕಂಪನಿ. ಇಂಗ್ಲೆಂಡ್‌ನಲ್ಲಿ ಇಂಥವು ಬೆರಳೆಣಿಕೆ ಉಳಿದಿವೆ. 80ರ ದಶಕದಲ್ಲಿ ಎಲ್ಲ ಖಾಸಗಿಗೆ ಹೋದಾಗ ಕೆಲವು ಊರು ಮಾತ್ರ ಬಿಡಲಿಲ್ಲ. 2017ರ ಕಾನೂನು ಕೌನ್ಸಿಲ್‌ಗಳು ಹೊಸ ಬಸ್ ಕಂಪನಿ ತೆರೆಯೋದನ್ನೇ ತಡೆಯಿತು, ಇದ್ದವು ಉಳಿದವು. ಪರ್ಪಲ್ 17 ಹತ್ತಿದರೆ ನನಗೆ ನಮ್ಮೂರಿನ ಸಿಟಿ ಬಸ್ ನೆನಪು. ಇಳಿಯುವಾಗ ಎಲ್ಲರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳೋದು ಒಂದು ಬಿಟ್ಟು.

ಹಾಸನದ_ಹುಡುಗ
7 ಏಪ್ರಿಲ್, 10:30

ನಾನು ದಿನಾ ಹೋಗೋದು ಕ್ಲಾರೆಟ್ 21ರಲ್ಲಿ. ಹಾಗಾದರೆ ನಾನು ಕೂರುವ ಬಸ್ಸಿನ ಕಂಪನಿ ರೆಡಿಂಗ್ ಕೌನ್ಸಿಲಿನದು, ನನ್ನ ಮತ ವೋಕಿಂಗ್‌ಹ್ಯಾಮ್‌ಗೆ?

ಕ್ಯಾವರ್‌ಶಮ್_ಅಕ್ಕ
7 ಏಪ್ರಿಲ್, 10:41

ಈಗ ಅರ್ಥ ಆಯಿತು ನೋಡು. ನಮ್ಮ ಕಡೆ ಸೇತುವೆ ಕಥೆಯೂ ಇದೇ. ಕ್ಯಾವರ್‌ಶಮ್ ನದಿಯ ಆಚೆ ದಡ. ಕಾರು ದಾಟೋಕೆ ಎರಡೇ ಸೇತುವೆ, 1923ರದ್ದೊಂದು, 1926ರದ್ದೊಂದು. ಮೂರನೇ ಸೇತುವೆ ಬೇಕು ಅಂತ ಹತ್ತಾರು ವರ್ಷದಿಂದ ಕೂಗು. ರೆಡಿಂಗ್‌ಗೆ ಬೇಕು. ಆದರೆ ಉತ್ತರದ ದಡದಲ್ಲಿ ಅದು ಇಳಿಯೋದು ಆಕ್ಸ್‌ಫರ್ಡ್‌ಷೈರ್ ಕಡೆ, ಅವರಿಗೆ ಟ್ರಾಫಿಕ್ ಬೇಡ. 2015ರಲ್ಲಿ ಒಂದು ಬಂತು, ಕುಣಿದಾಡಿದೆವು, ನಡೆಯೋರಿಗೂ ಸೈಕಲ್ಲಿಗೂ ಮಾತ್ರ! ಪ್ರತಿ ಚುನಾವಣೆಯಲ್ಲೂ ಕರಪತ್ರದಲ್ಲಿ ಮೂರನೇ ಸೇತುವೆ ಕಟ್ಟುತ್ತಾರೆ. ಮೇ ಮುಗಿದ ಮೇಲೆ ನೀರಿಗೆ ಬೀಳುತ್ತೆ.

ಗುಂಡಿ_ಗುಂಡಣ್ಣ
7 ಏಪ್ರಿಲ್, 21:17

ನನ್ನ ಊರಿನ ಹೆಸರು ಹೇಳಲ್ಲ, ಉತ್ತರದ ಒಂದು ಟೌನ್. ಮನೆ ಮುಂದಿನ ಗುಂಡಿಗೆ ಕಾರಿನ ಟೈರ್ ಹೋಯಿತು. ಆ್ಯಪ್‌ನಲ್ಲಿ ಫೋಟೋ ಹಾಕಿದೆ. ಬಂದು ಬಿಳಿ ಬಣ್ಣದಲ್ಲಿ ಗುಂಡಿಯ ಸುತ್ತ ಚೌಕ ಬರೆದು ಹೋದರು. ಮೂರು ವಾರ ಆಯಿತು. ಗುಂಡಿಗೆ ಈಗ ಚೌಕಟ್ಟು ಬಂದಿದೆ, ಮಣ್ಣು ಬಂದಿಲ್ಲ. ನಮ್ಮಲ್ಲಾದರೆ ಯಾರಾದರೂ ಬಾಳೆಗಿಡ ನೆಟ್ಟು ಪೇಪರಿನಲ್ಲಿ ಹಾಕಿಸುತ್ತಿದ್ದರು.

ಕೆನೆಟ್_ದಂಡೆ
7 ಏಪ್ರಿಲ್, 21:40

ಕೌನ್ಸಿಲ್‌ಗಳ ಕೈಯಲ್ಲಿ ದುಡ್ಡಿಲ್ಲ ಅನ್ನೋದೂ ನಿಜ. ದುಡ್ಡಿನ ದೊಡ್ಡ ಪಾಲು ಹೋಗೋದು ವೃದ್ಧರ, ಅಂಗವಿಕಲರ, ಮಕ್ಕಳ ಆರೈಕೆಗೆ. ಅದು ಕಾನೂನಿನ ಕಟ್ಟುಪಾಡು, ಕತ್ತರಿ ಹಾಕೋಕೆ ಆಗಲ್ಲ. ಉಳಿದದ್ದರಲ್ಲಿ ರಸ್ತೆ, ಗ್ರಂಥಾಲಯ, ಪಾರ್ಕು. ನಮ್ಮ ಪಕ್ಕದ ಸ್ಲೌ 2021ರಲ್ಲಿ ಸೆಕ್ಷನ್ 114 ನೋಟಿಸ್ ಕೊಟ್ಟಿತು. ಅಂದರೆ "ಲೆಕ್ಕ ಸರಿದೂಗಿಸೋಕೆ ಆಗುತ್ತಿಲ್ಲ, ಹೊಸ ಖರ್ಚು ಬಂದ್" ಅಂತ. ಹೋದ ವರ್ಷ ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಕೂಡ. ಸ್ಲೌನಲ್ಲಿ 2023ರ ಚುನಾವಣೆಯಲ್ಲಿ ಲೇಬರ್ ಬಹುಮತ ಕಳೆದುಕೊಂಡಿತು. ಜನ ನೋಟಿಸ್ ಮರೆಯಲಿಲ್ಲ.

ಬೆಣ್ಣೆದೋಸೆ_ದಾವಣಗೆರೆ
9 ಏಪ್ರಿಲ್, 08:30

ಯುಗಾದಿ ಶುಭಾಶಯ ಎಲ್ಲರಿಗೂ. ನಾನೂ ಹೆಸರು ಸೇರಿಸಿದೆ. ಒಂದು ಡೌಟು, ನಾವು ಚುನಾವಣೆಗೆ ನಿಲ್ಲಬಹುದಾ? ನಮ್ಮ ಬೀದಿಯಲ್ಲೇ ಹತ್ತು ಕನ್ನಡದ ಮನೆ ಇದೆ.

ಕೆನೆಟ್_ದಂಡೆ
9 ಏಪ್ರಿಲ್, 09:10

ಈ ಸಲದ ನಾಮಪತ್ರ ಮುಗಿಯಿತು. ಮುಂದಕ್ಕೆ ಬೇಕಿದ್ದರೆ: ಮತ ಹಾಕೋಕೆ ವೀಸಾ ಸಾಕು, ನಿಲ್ಲೋಕೆ ಸಾಲದು. ಐಎಲ್‌ಆರ್ (ಅದೇ, ಪಿಆರ್ ಅನ್ನೋ ಕಾಯಂ ವಾಸದ ಅನುಮತಿ) ಇರಬೇಕು, ಇಲ್ಲಾ ಪೌರತ್ವ. ಆ ಕೌನ್ಸಿಲಿನ ಮತದಾರ ಆಗಿದ್ದರೆ ಆಯಿತು, ಅಥವಾ 12 ತಿಂಗಳು ಅಲ್ಲಿ ವಾಸ ಇಲ್ಲವೇ ಕೆಲಸ ಇದ್ದರೂ ನಡೆಯುತ್ತೆ. ಸೂಚಕರು ಒಬ್ಬರು, ಅನುಮೋದಕರು ಒಬ್ಬರು, ಇಬ್ಬರ ಸಹಿ ಸಾಕು. ಠೇವಣಿ ಇಲ್ಲವೇ ಇಲ್ಲ. ಪಾರ್ಲಿಮೆಂಟಿಗಾದರೆ 500 ಪೌಂಡ್.

ಕನ್ನಡಿಗರು ನಿಂತು ಗೆದ್ದಿದ್ದೂ ಇದೆ. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಲೇಬರ್ ಕೌನ್ಸಿಲರ್ ಆಗಿದ್ದವರು, 2010ರಲ್ಲಿ ಅಲ್ಲಿನ ಮೇಯರ್ ಆದರು. ತೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಇದೆಯಲ್ಲ, 2015ರ ನವೆಂಬರ್‌ನಲ್ಲಿ ಮೋದಿಯವರು ಅನಾವರಣ ಮಾಡಿದ್ದು, ಅದು ಇರೋದೂ ಲ್ಯಾಂಬೆತ್‌ನಲ್ಲೇ, ಅದರ ಹಿಂದೆ ಓಡಾಡಿದವರೂ ಈ ಪಾಟೀಲರೇ.

ನಿಜ_ಹೇಳ್ತೀನಿ
9 ಏಪ್ರಿಲ್, 09:34

ಆದರೆ "ಹತ್ತು ಕನ್ನಡದ ಮನೆ" ಅನ್ನೋ ಲೆಕ್ಕ ಬೇಡ ದಯವಿಟ್ಟು. ಜಾತಿ ಲೆಕ್ಕ ಬಿಟ್ಟು ಬಂದಿದ್ದೇವೆ ಅಂತ ಹೇಳಿಕೊಂಡು ಇಲ್ಲಿ ಭಾಷೆ ಲೆಕ್ಕ ಶುರು ಮಾಡೋದು.

ಬೆಣ್ಣೆದೋಸೆ_ದಾವಣಗೆರೆ
9 ಏಪ್ರಿಲ್, 09:40

ಹತ್ತು ಮನೆಯಲ್ಲಿ ಮೂರು ಮನೆ ನನ್ನ ಜೊತೆ ಮಾತು ಬಿಟ್ಟಿವೆ ಸಾರ್, ಚಿಂತೆ ಬೇಡ.

ಕ್ಯಾವರ್‌ಶಮ್_ಅಕ್ಕ
9 ಏಪ್ರಿಲ್, 12:20

ನಾನು ಎರಡು ವರ್ಷದ ಹಿಂದೆ ಒಬ್ಬ ಅಭ್ಯರ್ಥಿಗೆ ಕರಪತ್ರ ಹಂಚಿದ್ದೇನೆ. ಪಕ್ಷ ಕೇಳಬೇಡಿ. ಮೊದಲ ದಿನವೇ ಒಂದು ಮರದ ಸಟ್ಟುಗ ಕೈಗೆ ಕೊಟ್ಟರು. ಏನಪ್ಪಾ ಅಡುಗೆ ಮಾಡಿಸುತ್ತಾರಾ ಅಂದುಕೊಂಡೆ. ಅಂಚೆ ಕಿಂಡಿ ಒಳಗೆ ಬೆರಳು ಹಾಕಿದರೆ ಆಚೆಯಿಂದ ನಾಯಿ ಕಚ್ಚುತ್ತೆ, ಅದಕ್ಕೆ ಸಟ್ಟುಗದಲ್ಲಿ ತಳ್ಳಬೇಕು! ಪ್ರಚಾರ ಅಂದರೆ ಇಷ್ಟೇ: ಸಟ್ಟುಗ, ಮಳೆ ಕೋಟು, ಬಾಗಿಲು ಬಡಿಯೋದು, "ನಮ್ಮ ಅಭ್ಯರ್ಥಿಗೆ ಹಾಕುತ್ತೀರಾ" ಅಂತ ಕೇಳಿ ಪಟ್ಟಿಯಲ್ಲಿ ಗುರುತು ಮಾಡೋದು. ಮೈಕು ಇಲ್ಲ, ಹಾರ ಇಲ್ಲ. ಒಬ್ಬ ಅಭ್ಯರ್ಥಿ ಕಾನೂನು ಪ್ರಕಾರ ಖರ್ಚು ಮಾಡಬಹುದಾದ್ದು ಒಂದೆರಡು ಸಾವಿರ ಪೌಂಡ್ ಒಳಗೇ.

ಒಂದು ಗುಜರಾತಿ ಅಜ್ಜಿ ನಮ್ಮನ್ನು ಒಳಗೆ ಕೂರಿಸಿ ಚಹಾ, ಗಾಂಠಿಯಾ ಕೊಟ್ಟರು. ನಮ್ಮ ಅಭ್ಯರ್ಥಿ ಬೆವರಿದರು. ಮತದಾರರಿಗೆ ತಿಂಡಿ ಕೊಟ್ಟು ಮತ ಕೇಳೋದು ಇಲ್ಲಿ ಅಪರಾಧ. ಮತದಾರರೇ ಕೊಟ್ಟರೆ? ಅಂತ ಹೊರಗೆ ಬಂದ ಮೇಲೆ ಕೇಳಿದರು. ನಾನು ಹೇಳಿದೆ, ತಿನ್ನದೆ ಎದ್ದಿದ್ದರೆ ಆ ಬೀದಿಯ ಮತವೇ ಹೋಗುತ್ತಿತ್ತು.

ಹುಬ್ಬಳ್ಳಿ_ಮಂದಿ
9 ಏಪ್ರಿಲ್, 12:33

ಸಟ್ಟುಗ ಹಿಡಿದ ಕಾರ್ಯಕರ್ತರು! ನಮ್ಮ ಕಡೆ ಕುಕ್ಕರ್ ಹಂಚತಾರ್ರೀ. ಎರಡೂ ಸೇರಿದರೆ ಅಡಗಿಮನಿ ಆತು.

ಮಂಗಳೂರು_ಮೀನು
24 ಏಪ್ರಿಲ್, 11:00

ನೆನಪಿಸೋಕೆ ಬಂದೆ. ಫೋಟೋ ಇರುವ ಗುರುತು ಬೇಕೇ ಬೇಕು, ಹೋದ ವರ್ಷದ ಮೇ ತಿಂಗಳಿಂದ ಈ ನಿಯಮ. ಭಾರತದ ಪಾಸ್‌ಪೋರ್ಟ್ ನಡೆಯುತ್ತೆ. ಬಿಆರ್‌ಪಿ ಕಾರ್ಡ್ (ವೀಸಾದವರಿಗೆ ಕೊಟ್ಟಿರುವ ವಾಸದ ಕಾರ್ಡ್) ನಡೆಯುತ್ತೆ. ಇಲ್ಲಿನ ಡ್ರೈವಿಂಗ್ ಲೈಸೆನ್ಸ್, ಎಲ್ ಬೋರ್ಡಿನದ್ದೂ ನಡೆಯುತ್ತೆ. ಆಧಾರ್ ನಡೆಯಲ್ಲ, ಊರಿನ ಲೈಸೆನ್ಸ್ ನಡೆಯಲ್ಲ. ಏನೂ ಇಲ್ಲದವರು ಉಚಿತ ಸರ್ಟಿಫಿಕೇಟಿಗೆ ಇವತ್ತು ಸಂಜೆ 5ರೊಳಗೆ ಅರ್ಜಿ ಹಾಕಬೇಕು.

ನನ್ನ ಕೋಪ ಏನು ಅಂದರೆ, ಹಿರಿಯರ ಬಸ್ ಪಾಸ್ ನಡೆಯುತ್ತೆ, ವಿದ್ಯಾರ್ಥಿಯ ಕಾರ್ಡ್ ನಡೆಯಲ್ಲ! ಹೋದ ವರ್ಷ ಸುಮಾರು 14,000 ಜನ ಗುರುತು ಇಲ್ಲದೆ ಮತ ಹಾಕದೇ ವಾಪಸ್ ಹೋದರು ಅಂತ ಎಲೆಕ್ಟೊರಲ್ ಕಮಿಷನ್ನೇ ಹೇಳಿದೆ.

ನಿಜ_ಹೇಳ್ತೀನಿ
24 ಏಪ್ರಿಲ್, 11:12

ಊರಲ್ಲಿ ಗುರುತು ಚೀಟಿ ಇಲ್ಲದೆ ಮತಗಟ್ಟೆ ಮೆಟ್ಟಿಲು ಹತ್ತೋಕೂ ಬಿಡಲ್ಲ. ಇದರಲ್ಲಿ ಏನು ಅನ್ಯಾಯ?

ಮಂಗಳೂರು_ಮೀನು
24 ಏಪ್ರಿಲ್, 11:15

ಊರಲ್ಲಿ ಆ ಚೀಟಿಯನ್ನು ಮನೆಗೇ ತಂದುಕೊಡುತ್ತಾರೆ ಸಾರ್. ಇಲ್ಲಿ ಎಲ್ಲರಿಗೂ ಒಂದು ಗುರುತು ಚೀಟಿ ಅಂತ ಇಲ್ಲವೇ ಇಲ್ಲ. ಅದು ವ್ಯತ್ಯಾಸ.

ಹಾಸನದ_ಹುಡುಗ
2 ಮೇ 2024, 19:05

ಹಾಕಿ ಬಂದೆವು!!

ಚರ್ಚ್ ಹಾಲ್. ಕ್ಯೂ ಅನ್ನೋದೇ ಇಲ್ಲ, ನಮ್ಮ ಮುಂದೆ ಇಬ್ಬರು ಮತ್ತು ಒಂದು ನಾಯಿ. ಪೊಲೀಸ್ ಇಲ್ಲ, 100 ಮೀಟರ್ ಗೆರೆ ಇಲ್ಲ, ರಜೆ ಇಲ್ಲ. ಒಳಗೆ ಮೂಲೆಯಲ್ಲಿ ಮಕ್ಕಳ ಆಟದ ಸಾಮಾನು ರಾಶಿ ಬಿದ್ದಿದೆ. ಯಂತ್ರ ಇಲ್ಲ, ಕಾಗದ. ದಾರ ಕಟ್ಟಿದ ಗಿಡ್ಡ ಪೆನ್ಸಿಲ್. ಪೆನ್ಸಿಲ್! ಯಾರಾದರೂ ರಬ್ಬರ್ ತಂದರೆ ಅಂತ ಹೆಂಡತಿ ಕನ್ನಡದಲ್ಲಿ ಜೋರಾಗಿಯೇ ಕೇಳಿದಳು. ಪಾಸ್‌ಪೋರ್ಟ್ ನೋಡಿ ಅಲ್ಲಿದ್ದ ಅಜ್ಜಿ ನನ್ನ ಪೂರ್ತಿ ಹೆಸರನ್ನು ನಾಲ್ಕು ತುಂಡು ಮಾಡಿ ಓದಿದರು, ಪಾಪ. ಬೆರಳಿಗೆ ಶಾಯಿ ಹಾಕಲಿಲ್ಲ. ಬೆರಳು ಚಾಚಿಕೊಂಡೇ ನಿಂತಿದ್ದೆ, ಅಭ್ಯಾಸಬಲ.

ಹೊರಗೆ ಬಣ್ಣದ ಬ್ಯಾಡ್ಜ್ ಹಾಕಿದವರೊಬ್ಬರು ನನ್ನ ಪೋಲ್ ಕಾರ್ಡಿನ ನಂಬರ್ ಕೇಳಿದರು. ಕೊಟ್ಟೆ. ಕೊಡಬಾರದಿತ್ತಾ?

ಕ್ಯಾವರ್‌ಶಮ್_ಅಕ್ಕ
2 ಮೇ, 19:20

ಅವರು ಟೆಲ್ಲರ್, ಪಕ್ಷದವರು. ಯಾರು ಬಂದು ಹೋದರು ಅಂತ ಗುರುತು ಮಾಡಿಕೊಂಡು, ಬರದ ತಮ್ಮ ಕಡೆಯವರನ್ನು ಸಂಜೆ ಎಬ್ಬಿಸೋಕೆ ಹೋಗುತ್ತಾರೆ. ಕೊಡಲೇಬೇಕು ಅಂತಿಲ್ಲ, ಕೊಟ್ಟರೆ ತಪ್ಪೂ ಇಲ್ಲ. ನಿನ್ನ ಬಾಗಿಲು ಇವತ್ತು ಬಡಿಯಲ್ಲ, ಅಷ್ಟು ಲಾಭ.

ತೇಮ್ಸ್_ತಿಮ್ಮ
3 ಮೇ, 08:02

ಸುದ್ದಿ ನೋಡಿದಿರಾ?? ಗುರುತು ಚೀಟಿ ಕಾನೂನು ತಂದಿದ್ದು ಬೋರಿಸ್ ಜಾನ್ಸನ್ ಸರ್ಕಾರ. ನಿನ್ನೆ ನಮ್ಮ ಪಕ್ಕದ ಸೌತ್ ಆಕ್ಸ್‌ಫರ್ಡ್‌ಷೈರ್‌ನಲ್ಲಿ ಮತ ಹಾಕೋಕೆ ಹೋದ ಜಾನ್ಸನ್ನೇ ಗುರುತು ಮರೆತು ಹೋಗಿದ್ದರಂತೆ. ಮತಗಟ್ಟೆಯವರು ವಾಪಸ್ ಕಳಿಸಿದರು. ಆಮೇಲೆ ತಂದು ಹಾಕಿದರು.

ಹುಬ್ಬಳ್ಳಿ_ಮಂದಿ
3 ಮೇ, 08:10

ನಾ ಆ ಮತಗಟ್ಟೆ ಸಿಬ್ಬಂದಿಗೆ ಕೈ ಮುಗಿತೀನ್ರಿ. "ನಾನು ಯಾರು ಗೊತ್ತೇನು" ಅನ್ನೋ ಮಾತಿಗೆ ಇದಕ್ಕಿಂತ ಛಲೋ ಉತ್ತರ ಇಲ್ಲ.

ಕೆನೆಟ್_ದಂಡೆ
5 ಮೇ, 18:30

ಫಲಿತಾಂಶ ಚುಟುಕಾಗಿ. ರೆಡಿಂಗ್ ಲೇಬರ್ ಕೈಯಲ್ಲೇ ಉಳಿಯಿತು. ಪೊಲೀಸ್ ಕಮಿಷನರ್ ಸ್ಥಾನ ಕನ್ಸರ್ವೇಟಿವ್ ಉಳಿಸಿಕೊಂಡಿತು. ದೇಶದ ಲೆಕ್ಕದಲ್ಲಿ ಕನ್ಸರ್ವೇಟಿವ್ 470ಕ್ಕೂ ಹೆಚ್ಚು ಕೌನ್ಸಿಲ್ ಸ್ಥಾನ ಕಳೆದುಕೊಂಡಿತು. ಮಜಾ ಇರೋದು ಹಾಸನದ ಹುಡುಗನ ಕಡೆ: ವೋಕಿಂಗ್‌ಹ್ಯಾಮ್‌ನ 54ರಲ್ಲಿ ಲಿಬ್ ಡೆಮ್‌ಗೆ 27. ಸರಿಯಾಗಿ ಅರ್ಧ! ಬಹುಮತಕ್ಕೆ ಒಂದು ಕಡಿಮೆ.

ಬೆಣ್ಣೆದೋಸೆ_ದಾವಣಗೆರೆ
5 ಮೇ, 18:41

ಒಂದು ಸೀಟು ಕಡಿಮೆ ಅಂದರೆ ನಮ್ಮಲ್ಲಿ ಇಷ್ಟು ಹೊತ್ತಿಗೆ ರೆಸಾರ್ಟ್ ಬುಕ್ ಆಗಿರುತ್ತಿತ್ತು.

ಕೆನೆಟ್_ದಂಡೆ
5 ಮೇ, 18:55

ಇಲ್ಲೂ ಒಂದರ ಕಥೆ ಇದೆ. 2017ರಲ್ಲಿ ನಾರ್ಥಂಬರ್‌ಲ್ಯಾಂಡ್ ಕೌಂಟಿ ಚುನಾವಣೆ, ಬ್ಲೈತ್ ಅನ್ನೋ ಟೌನಿನ ದಕ್ಷಿಣ ವಾರ್ಡ್. ಮರುಎಣಿಕೆ ಮಾಡಿದರೂ ಕನ್ಸರ್ವೇಟಿವ್, ಲಿಬ್ ಡೆಮ್ ಇಬ್ಬರಿಗೂ ಸಮ ಸಮ ಮತ. ಆ ಸೀಟು ಸಿಕ್ಕಿದ್ದರೆ ಕನ್ಸರ್ವೇಟಿವ್‌ಗೆ ಇಡೀ ಕೌನ್ಸಿಲಿನ ಬಹುಮತ. ಕೊನೆಗೆ ಕಡ್ಡಿ ಎತ್ತಿಸಿದರು. ಲಿಬ್ ಡೆಮ್‌ಗೆ ಉದ್ದ ಕಡ್ಡಿ ಬಂತು. ಕಾನೂನಿನಲ್ಲೇ ಇದೆ, ಸಮ ಬಂದರೆ ಚೀಟಿ ಎತ್ತಬೇಕು.

ಕ್ಯಾವರ್‌ಶಮ್_ಅಕ್ಕ
5 ಮೇ, 19:10

ನಮ್ಮ ಚಾಮರಾಜನಗರದ ಸಂತೇಮರಹಳ್ಳಿ ಮರೆತಿರಾ? 2004. ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಮತದಲ್ಲಿ. ನನ್ನ ತವರು ಅಲ್ಲೇ ಹತ್ತಿರ. ಆ ದಿನ ಮತ ಹಾಕದೆ ಮದುವೆಗೆ ಹೋದವರನ್ನು ಜನ ವರ್ಷಗಟ್ಟಲೆ ರೇಗಿಸುತ್ತಿದ್ದರು.

ನಿಜ_ಹೇಳ್ತೀನಿ
5 ಮೇ, 19:32

ಹೇಳಿಬಿಡುತ್ತೇನೆ. ನಾನೂ ಹಾಕಿ ಬಂದೆ.

ತೇಮ್ಸ್_ತಿಮ್ಮ
5 ಮೇ, 19:33

😂😂😂 ಒಂದು ತಿಂಗಳು ಜಗಳ ಆಡಿ??

ನಿಜ_ಹೇಳ್ತೀನಿ
5 ಮೇ, 19:50

ಎದುರುಮನೆ ಇಂಗ್ಲಿಷ್ ಅಜ್ಜ ಕೇಳಿದರು, ಹೋಗಿ ಬಂದಿರಾ ಅಂತ. ಇಲ್ಲ ಅಂದೆ. ಅವರು ಏನೂ ಅನ್ನಲಿಲ್ಲ, ಸುಮ್ನೆ ಕೋಲು ಊರಿಕೊಂಡು ಮಳೆಯಲ್ಲಿ ಹೊರಟರು. ನನ್ನ ಹತ್ತಿರ ಕಾರು ಇತ್ತು. ಬಿಡೋಕೆ ಹೋದೆ. ಬಾಗಿಲವರೆಗೆ ಹೋದ ಮೇಲೆ ಒಳಗೆ ಹೋಗದೆ ಇರೋಕೆ ಆಗುತ್ತಾ? ಜೇಬಲ್ಲಿ ಲೈಸೆನ್ಸ್ ಇತ್ತು. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹುಬ್ಬಳ್ಳಿ_ಮಂದಿ
5 ಮೇ, 19:58

ಬದಲಾಗೋದು ಬ್ಯಾಡ್ರಿ, ಮುಂದಿನ ಸಲಾನೂ ಅಜ್ಜಾರನ್ನ ಬಿಟ್ಟು ಬರ್ರಿ.

ಹಾಸನದ_ಹುಡುಗ
5 ಮೇ, 21:15

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಹಾಸನಕ್ಕೆ ಹಾಕಲಿಲ್ಲ, ಅದ್ಯಾವುದೋ ಊರಿಗೆ ಮೂರು ಹಾಕಿದೆಯಾ?" ಅಂತ ಫೋನ್ ಇಟ್ಟುಬಿಟ್ಟರು. ಹತ್ತು ನಿಮಿಷ ಬಿಟ್ಟು ಅವರೇ ಮಾಡಿ ಕೇಳಿದರು, ಗೆದ್ದವರು ಯಾರು ಅಂತ.

ಇನ್ನೊಂದು ಪ್ರಶ್ನೆ, ಬೇರೆ ಚರ್ಚೆ ಶುರು ಮಾಡಲಾ ಇಲ್ಲೇ ಕೇಳಲಾ? ಆ ಚಕ್ರದ ಡಬ್ಬ ಆಗಸ್ಟ್‌ನಲ್ಲಿ ಬರುತ್ತಲ್ಲ, ಫ್ಲ್ಯಾಟಿನಲ್ಲಿ ಮೊದಲ ಮಹಡಿಯವರು ಅದನ್ನು ಎಲ್ಲಿ ಇಡಬೇಕು?